ಮಾಸ್ತರ ಗಡ್ಡ ಮತ್ತು ಎರಡು ಕತ್ತಿ

ಮೂರು ವರ್ಷದ ಹಿಂದಿನ ಮಾತು. ಹರಪನಹಳ್ಳಿ ಬಸ್ ನಿಲ್ದಾಣದ ಹಿಂದಿರುವ ನಮ್ಮ ಸಲೂನಿನಲ್ಲಿ ಎರಡು ಕುರ್ಚಿ. ಬಾಗಿಲ ಕಡೆಯದು ರಫೀಕನದು, ಒಳಗಿನದು ನನ್ನದು. ಕಸುಬು ಹಿಡಿದಾಗಿನಿಂದ ನಾನು ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿಯಲ್ಲೇ ಗಡ್ಡ ಹೆರೆದವನು. ಮೊಂಡಾದರೆ ಎಸೆದು ಹೊಸ ಬ್ಲೇಡ್ ಹಾಕಿದರಾಯಿತು, ಮಸೆಯುವ ಮಾತೇ ಇಲ್ಲ.

ಆ ವರ್ಷ ರಫೀಕ ಹಡಗಲಿಯ ಮಾವನ ಹತ್ತಿರ ಬ್ಲೇಡ್ ಹಾಕದ, ಹಳೇ ಕಾಲದ ಇಡೀ ಕತ್ತಿ ಮಸೆಯುವುದನ್ನು ಕಲಿತು ಬಂದ. ನನ್ನ ಖಾಯಂ ಗಿರಾಕಿ, ಚಿಗಟೇರಿಯ ನಿವೃತ್ತ ಡ್ರಿಲ್ ಮಾಸ್ತರಿಗೆ ಬ್ಲೇಡ್ ತಾಗಿದರೆ ಕುತ್ತಿಗೆ ತುಂಬ ಗುಳ್ಳೆ ಏಳುತ್ತಿದ್ದವು. ಒಂದು ದಿನ ಅವರು ರಫೀಕನ ಕುರ್ಚಿಯಲ್ಲಿ ಕುಳಿತರು. ಗುಳ್ಳೆ ಏಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ವರ್ಷ ನಾನು ಹೆರೆದ ಗಡ್ಡ ಅದು! ಹೊಟ್ಟೆ ಧಗಧಗ ಉರಿಯಿತು.

ನಾನೂ ಒಂದು ಕತ್ತಿ, ಸಾಣೆಕಲ್ಲು ತಂದೆ. ರಫೀಕನನ್ನು ಕೇಳುವುದೇ? ಸತ್ತರೂ ಇಲ್ಲ. ಅವನ ಕೆಲಸವನ್ನು ಕನ್ನಡಿಯಲ್ಲೇ ಕದ್ದು ನೋಡಿದೆ. ಒದ್ದೆ ಕಲ್ಲಿನ ಮೇಲೆ ಕತ್ತಿಯ ಬೆನ್ನು, ಹರಿತದ ಬಾಯಿ ಎರಡೂ ತಾಗಿರಬೇಕು, ಬಾಯಿ ಮುಂದಾಗಿ ತಳ್ಳಬೇಕು. ಆಮೇಲೆ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು. ಹಾಗೆಯೇ ಮಾಡಿ ನನ್ನ ಕೆನ್ನೆಗೇ ಹಚ್ಚಿಕೊಂಡೆ. ಕೂದಲು ಕತ್ತರಿಸಲಿಲ್ಲ, ಕಿತ್ತಿತು. ಮರುದಿನ ಬೆಳಿಗ್ಗೆ ನನ್ನ ಕೆನ್ನೆ ನೋಡಿ ರಫೀಕ ನಕ್ಕ.

"ಕೈ ತೋರ್ಸಲೇ ಕೊಟ್ರೇಶಿ." ಹೆಬ್ಬೆರಳಿನ ಉಗುರಿನ ತುಂಬ ಸಣ್ಣ ಗೀರುಗಳಿದ್ದವು. "ಮಸದ ಮ್ಯಾಲೆ ಉಗುರಿಗೆ ಎಳದು ನೋಡ್ತಿಯೇನು?"

"ಹರಿತ ಆಗೇತೋ ಇಲ್ಲೋ ಗೊತ್ತಾಗಬ್ಯಾಡೇನು?"

"ಅಲ್ಲೇ ಬಾಯಿ ಹಾಳಾಗೋದು. ಹರಿತ ನೋಡೋ ಕೆಲಸ ಗಡ್ಡಕ್ಕ ಬಿಡು."

ಅವನ ಕತ್ತಿಗಿಂತ ನನ್ನದು ಹರಿತವಾಯಿತೇ ಎಂದು ಗಳಿಗೆಗೊಮ್ಮೆ ಪರೀಕ್ಷಿಸಿ ನಾನೇ ಮೊಂಡು ಮಾಡಿದ್ದೆ. ಅವನೆದುರು ಒಪ್ಪಲಿಲ್ಲ, ಆದರೆ ಉಗುರಿನ ಚಟ ಬಿಟ್ಟೆ. ಕತ್ತಿ ದಾರಿಗೆ ಬಂತು.

ಒಂದು ದಿನ ಮಾಸ್ತರಿಗೆ ನೊರೆ ಹಚ್ಚಿದ ಮೇಲೆ ರಫೀಕನ ಕತ್ತಿ ನೆಲಕ್ಕೆ ಬಿದ್ದು ಬಾಯಿ ಮುರಿಯಿತು. ನನ್ನದನ್ನು ಕೇಳಿ ಪಡೆದು, ಸ್ಪಿರಿಟ್‌ನಲ್ಲಿ ಒರೆಸಿ ಬಲಗೆನ್ನೆ ಹೆರೆದ.

"ರಫೀಕ, ಇವತ್ತು ನಿನ್ನ ಕೈ ಭಾಳ ಹಗುರ ಐತಿ ನೋಡು," ಎಂದರು ಮಾಸ್ತರು.

ಕತ್ತಿ ನನ್ನದು, ಹೊಗಳಿಕೆ ಅವನಿಗೆ! ತಡೆಯಲಾಗಲಿಲ್ಲ. "ಕತ್ತಿ ನಂದ್ರಿ ಮಾಸ್ತರ. ನಾನೇ ಮಸದದ್ದು!"

"ಹಂಗಾರ ಉಳದಿದ್ದು ನೀನೇ ಮಾಡು," ಎಂದು ಮಾಸ್ತರು ಅರ್ಧ ನೊರೆಯಲ್ಲೇ ಎದ್ದು ನನ್ನ ಕುರ್ಚಿಗೆ ಬಂದರು.

ರಫೀಕ ಕತ್ತಿ ಕೊಟ್ಟ. ಎಡಗೆನ್ನೆ ಬೆಣ್ಣೆಯಂತೆ ಹೋಯಿತು. ಗಂಟಲ ಹತ್ತಿರ ಬಂದಾಗ ಕನ್ನಡಿಯಲ್ಲಿ ರಫೀಕನ ಮುಖ ನೋಡುವ ಆಸೆಯಾಯಿತು. ನೋಡಿದೆ. ಅವನ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಹಿಗ್ಗಿದೆ.

"ಹಾ!" ಎಂದರು ಮಾಸ್ತರು. ಬಿಳಿ ನೊರೆಯಲ್ಲಿ ರಕ್ತ ಇಳಿಯುತ್ತಿತ್ತು.

ಮರುವಾರ ಅವರು ರಫೀಕನ ಕುರ್ಚಿಗೇ ಹೋದರು. ಕಸುಬು ಕಲಿಸಿದ ಪಾಠ ಇಷ್ಟೆ: ಹೊಟ್ಟೆಕಿಚ್ಚು ಕತ್ತಿ ಮಸೆಯಲು ಕಲಿಸಬಹುದು, ಗಡ್ಡ ಹೆರೆಯಲು ಅದಕ್ಕೆ ಬರುವುದಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಆದರೆ ಕತ್ತಿ ಕೆಳಗಿಟ್ಟ ಮೇಲೆ.