ತುಂಬುವವರೆಗೂ ಹೊರಡದ ಸಾಲುಗಳು

ಮೊನ್ನೆ ಯಲಹಂಕದಲ್ಲಿ ಬಾಗಲೂರಿನ ಶೇರ್ ಆಟೋ ಹತ್ತಿ ಕೂತಿದ್ದೆ. ನಿಮಗೂ ಗೊತ್ತಿರುತ್ತದೆ, ಸೀಟು ತುಂಬದೆ ಅದು ಕದಲುವುದಿಲ್ಲ. ಹಾಗೆ ಕೂತಾಗಲೆಲ್ಲ ನನಗೆ ನಸೀಮಾ ಆಪಾ ನೆನಪಾಗುತ್ತಾರೆ. ಆರ್.ಟಿ. ನಗರದವರು, ಹಳೆಯ ಕಚೇರಿಯಲ್ಲಿ ನನಗೆ ಕೆಲಸ ಕಲಿಸಿದವರು. ಮನೆಯಲ್ಲಿ ತಂಗಿಗೆ ಆಪಾ, ಅಂದರೆ ಅಕ್ಕ, ಕಚೇರಿಯಲ್ಲಿ ಎಲ್ಲರಿಗೂ. ಅವರು ಬೇರೆ ಕಂಪನಿಗೆ ಹೋದ ಮೇಲೆ ಸುದ್ದಿಯಿರಲಿಲ್ಲ. ಸುಖವಾಗಿರಬೇಕು ಎಂದು ನಾನೇ ತೀರ್ಮಾನಿಸಿದ್ದೆ.

ಆ ಕಚೇರಿಯಲ್ಲಿ ನಮ್ಮ ಕಂಪ್ಯೂಟರ್ ಪ್ರೋಗ್ರಾಮಿನ ಕೆಲಸ ಯಶವಂತಪುರದ ಮಂಡಿಗೆ ತೂಕದ ಚೀಟಿ ಕೊಡುವುದು. ಅದರ ಚಾಳಿ, ಮಾಡಿದ್ದನ್ನೆಲ್ಲ ಲಾಗ್ ಫೈಲಿನಲ್ಲಿ ಸಾಲುಸಾಲಾಗಿ ಒದರುವುದು. ಪರದೆಯ ಮೇಲೆ ಅವು ಓಡುವುದನ್ನು ನೋಡಿದರೆ ನನಗೆ ತಲೆ ಸುತ್ತುತ್ತಿತ್ತು.

"ಸ್ಟೇಷನ್‌ಗೆ ಅಮ್ಮನ್ನ ಕರ್ಕೊಂಡು ಬರಕ್ಕೆ ಹೋದ್ರೆ ಎಲ್ಲರ ಮುಖಾನೂ ನೋಡ್ತೀಯಾ? ಸೀರೆ ಬಣ್ಣ ಹುಡುಕ್ತೀಯಲ್ವಾ? ಹಂಗೇ ಕಣೋ" ಎಂದ ಆಪಾ, ಟೇಲ್ ಮತ್ತು ಗ್ರೆಪ್ ಎಂಬ ಎರಡು ಆಜ್ಞೆ ಜೋಡಿಸಿ ತೋರಿಸಿದರು. ಟೇಲ್ ಹೊಸ ಸಾಲುಗಳನ್ನು ತರುತ್ತದೆ. ಗ್ರೆಪ್ ನಾವು ಹೇಳಿದ ಪದವಿದ್ದ ಸಾಲನ್ನಷ್ಟೇ ಒಳಗೆ ಬಿಡುತ್ತದೆ.

ಅವರ ತಂಗಿಯ ನಿಕಾಹ್ ದಿನ ಲಾಗ್ ಕಾಯುವುದು ನನ್ನ ಪಾಲಿಗೆ ಬಂತು. "ಫೋನ್ ಮಾಡಲ್ಲ ಆಪಾ, ಬಿರಿಯಾನಿ ಮಾತ್ರ ಮರೀಬೇಡಿ" ಎಂದಿದ್ದೆ. ಉತ್ಸಾಹ ಹೆಚ್ಚಾಗಿ ಒಂದು ಗ್ರೆಪ್‌ನ ಹಿಂದೆ ಇನ್ನೊಂದು ಕಟ್ಟಿದೆ: ಮೊದಲನೆಯದು ತಪ್ಪುಗಳನ್ನು ಹಿಡಿಯಲಿ, ಎರಡನೆಯದು ಅವುಗಳಲ್ಲಿ ಚಿಲ್ಲರೆ ತಪ್ಪುಗಳನ್ನು ಬಿಸಾಡಲಿ. ಪರದೆ ಖಾಲಿ. ನನ್ನ ಕಾವಲಿಗೆ ಹೆದರಿ ತಪ್ಪುಗಳೇ ಊರು ಬಿಟ್ಟಿವೆ ಎಂದು ಬೀಗುತ್ತ ಬೋಂಡಾ ತಿಂದೆ. ಅಷ್ಟರಲ್ಲಿ ಮಂಡಿಯಿಂದ ಫೋನು. "ಏನ್ ಸಾರ್, ಚೀಟಿನೇ ಬರ್ತಿಲ್ಲ. ಈರುಳ್ಳಿ ಲಾರಿ ಎಲ್ಲ ರೋಡಲ್ಲೇ ನಿಂತವೆ."

ಕೊಟ್ಟ ಮಾತು ಗಾಳಿಗೆ ಹೋಯಿತು. ಆಪಾಗೆ ಫೋನ್ ಮಾಡಿದೆ. ಮದುವೆ ಗದ್ದಲದ ನಡುವೆ ಅವರು ನಕ್ಕರು. "ಎರಡು ಗ್ರೆಪ್ ಹಾಕಿದ್ಯಾ? ಮೊದಲ್ನೇದು ಬಾಗಲೂರು ಆಟೋ ಕಣೋ. ಒಂದಿಷ್ಟು ಸಾಲು ತುಂಬೋ ತನಕ ಮುಂದಕ್ಕೆ ಬಿಡಲ್ಲ. ಬಂದಿದ್ದನ್ನ ಬಂದಂಗೇ ಬಿಡು ಅಂತ ಅದಕ್ಕೆ ಹೇಳ್ಬೇಕು." ಗ್ರೆಪ್‌ಗೆ ಹಾಗೇ ಹೇಳಿದೆ. ತಪ್ಪುಗಳು ಪರದೆಯ ಮೇಲೆ ದಬದಬ ಉದುರಿದವು. ಚೀಟಿ ತಡೆದಿದ್ದನ್ನು ಹುಡುಕಿ ಸರಿಪಡಿಸಿದೆ. ಲಾರಿಗಳು ಹೊರಟವು, ಮರುದಿನ ಬಿರಿಯಾನಿಯೂ ಬಂತು.

ಅಂದಿನಿಂದ, ಸದ್ದಿಲ್ಲ ಅಂದರೆ ಎಲ್ಲ ಸರಿಯಿದೆ ಅಂತಲ್ಲ ಎಂದು ಹೊಸಬರಿಗೆಲ್ಲ ಉಪದೇಶ ಮಾಡುತ್ತ ಬಂದಿದ್ದೇನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆಪಾ ವಿಷಯದಲ್ಲಿ ನಾನೇ ಅದನ್ನು ಮರೆತಿದ್ದೆ ಎಂದು ಆಟೋದಲ್ಲಿ ಕೂತು ಹೊಳೆದಾಗ ನಾಚಿಕೆಯಾಗಿ ಅವರಿಗೆ ಫೋನ್ ಮಾಡಿದೆ.

"ಹೇಗಿದೀರ ಆಪಾ?"

"ಚೆನ್ನಾಗಿದೀನಿ ಕಣೋ."

ಫೋನ್ ಇಡದೆ ಕಾದೆ. ಅವರೂ ಇಡಲಿಲ್ಲ.

"ಕೆಲ್ಸ ಬಿಟ್ಟೆ" ಎಂದರು ಕೊನೆಗೆ. "ಅಮ್ಮಿ ಹಾಸಿಗೆ ಹಿಡಿದಿದಾರೆ. ದಿನವಿಡೀ ಮಾತಾಡಕ್ಕೆ ಒಬ್ರೂ ಇಲ್ಲ ಕಣೋ."

"ಮನೇಲೇ ಇರಿ. ಬರ್ತಿದೀನಿ."

ಆಟೋ ಇಳಿದೆ. "ಇನ್ನೊಬ್ರು ಬಂದಿದ್ರೆ ಹೊರಡ್ತಿದ್ದೆ ಗುರು" ಎಂದು ಡ್ರೈವರ್ ಗೊಣಗಿದ. ಆರ್.ಟಿ. ನಗರದ ದಾರಿಗೆ, ಹೆಬ್ಬಾಳದ ಕಡೆಯ ಬಸ್ಸು ಬಂದಿತ್ತು, ಓಡಿದೆ.