ಮರಳಿ ಕೊಟ್ಟ ಎಲೆಅಡಿಕೆ

ಕ್ಯಾಲನೂರಿನ ಹತ್ತಿರದ ಊರು ನಮ್ಮದು. ಆಗ ನಾನು ಪಂಚಾಯಿತಿ ಸದಸ್ಯೆ. ಬೆಳಿಗ್ಗೆ ಡೇರಿಯಲ್ಲಿ ಹಾಲಿನ ಕ್ಯಾನು ಹಿಡಿದು ನಿಂತರೆ ಊರಿನ ರಾಜಕೀಯವೆಲ್ಲ ಕಿವಿಗೆ ಬೀಳುತ್ತಿತ್ತು. ಆ ವಾರ ಅಧ್ಯಕ್ಷನ ಮೇಲಿನ ಅವಿಶ್ವಾಸ ನಿರ್ಣಯದ್ದೇ ಮಾತು; ಬರುವ ಸೋಮವಾರ ಅದಕ್ಕೆ ಸಭೆ. ಅದು ಗೆದ್ದರೆ ಉಪಾಧ್ಯಕ್ಷನಿಗೆ ಕುರ್ಚಿ.

"ಬಾಯಿ ಬಿಟ್ರೆ ಬೈಗುಳ. ಅಂಥೋನು ಅಧ್ಯಕ್ಷನೇನ್ಲಾ?"

"ಕೆಳಗಿನ ಬೀದಿಗೆ ನೀರು ತಂದೋನೂ ಅವನೇ ಅಲ್ವಾ. ಬೈದ್ರೆ ಬೈಲಿ, ನಲ್ಲೀಲಿ ನೀರು ಬರ್ತೈತಲ್ಲ."

"ನಿಂಗೇನ್ಲಾ, ನಿನ್ನ ಕಿವಿ ಎಂದೋ ಕೆಟ್ಟೈತೆ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕೊಟ್ಟಿಗೆ ತೊಳೆದ ನೀರನ್ನು ಚರಂಡಿಗೆ ಬಿಟ್ಟೆನೆಂದು ಆತ ಹಿಂದಿನ ತಿಂಗಳಷ್ಟೇ ನನ್ನನ್ನು ನಡುಬೀದಿಯಲ್ಲಿ ಬೈದಿದ್ದ. ಮರುದಿನ ತಾನೇ ನಿಂತು ಆ ಚರಂಡಿಗೆ ಕಲ್ಲು ಹಾಸಿಸಿದ, ಅದೂ ನಿಜ. ಉಪಾಧ್ಯಕ್ಷ ಹಾಗಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವವನು, "ಅಕ್ಕಾ" ಎನ್ನದೆ ಮಾತಾಡದವನು. ಆದರೆ ಅವನ ಮನೆ ಮುಂದಿನ ಬೀದಿದೀಪವೇ ಕೆಟ್ಟು ವರ್ಷವಾಗಿತ್ತು.

ಶುಕ್ರವಾರ ಅವನ ಹೆಂಡತಿ ಅರಿಶಿನ ಕುಂಕುಮಕ್ಕೆ ಕರೆದಳು. ಹೋದೆ. ಎಲೆಅಡಿಕೆ, ತೆಂಗಿನಕಾಯಿ, ರವಿಕೆ ಕಣ ಮಡಿಲಿಗೆ ಹಾಕಿದವಳೇ, "ಸೋಮವಾರ ನಮ್ಮೋರ ಕಡೆ ಕೈ ಎತ್ತಿ ಅಕ್ಕಾ. ಎಲೆಅಡಿಕೆ ತಗೊಂಡ್ಮೇಲೆ ಮಾತು ಕೊಟ್ಟಂಗೇ" ಎಂದಳು. ಬೇರೆ ಹೆಂಗಸರು ಯಾರೂ ಬಂದಿಲ್ಲವೆಂಬುದು ಆಗ ಕಣ್ಣಿಗೆ ಬಿತ್ತು.

ಅನ್ನ ಸೇರಲಿಲ್ಲ. ಕೈ ಎತ್ತಿದರೆ ಉಳಿದ ಬೀದಿಗಳ ನೀರಿನ ಕೆಲಸ ನಿಲ್ಲುತ್ತದೆ, ಎತ್ತದಿದ್ದರೆ ಎಲೆಅಡಿಕೆಗೆ ತಪ್ಪಿದವಳಾಗುತ್ತೇನೆ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆಗೆ ಎಲ್ಲ ಹೇಳಿದೆ.

"ಅವಳನ್ನೂ ಮನೆಗೆ ಕರಿ. ಅಷ್ಟೇ ಎಲೆ, ಅಷ್ಟೇ ಅಡಿಕೆ, ಅಂಥದೇ ಕಣ ಮಡಿಲಿಗೆ ಹಾಕು. ಅಲ್ಲಿಗೆ ಋಣ ಮುಗೀತು. ಆಮೇಲೆ ಕೈ ನಿಂದು."

"ಅಧ್ಯಕ್ಷ ಬೈತಾನಲ್ಲತ್ತೆ."

"ಅದನ್ನ ಅವನಿಗೇ ಹೇಳು. ನೀರಿನ ಮೇಲ್ಯಾಕೆ ಕೋಪ?"

ಭಾನುವಾರ ಅವಳನ್ನು ಕರೆದೆ. ಮಡಿಲಿಗೆ ಹಾಕಿದಾಗ ಅವಳ ಮುಖ ಸಣ್ಣಗಾಯಿತು.

"ಇದೇನಕ್ಕಾ, ವಾಪಸ್ಸಾ?"

"ವಾಪಸ್ಸಲ್ಲ ಕಣಮ್ಮ, ಇದು ನಮ್ಮನೇದು."

ಅವಳು ಒಳಗೆ ಕೂತಿದ್ದ ಅತ್ತೆಯ ಕಡೆ ನೋಡಿ, "ಇದು ನಿಮ್ಮತ್ತೆ ಪಾಠ" ಎಂದು ನಕ್ಕೇಬಿಟ್ಟಳು. ಅರ್ಧ ಭಾರ ಅಲ್ಲೇ ಇಳಿಯಿತು.

ಸೋಮವಾರ ಸಭೆಯಲ್ಲಿ ಅಧಿಕಾರಿ ಅವಿಶ್ವಾಸದ ಪರ ಇರುವವರು ಕೈ ಎತ್ತಿ ಎಂದರು. ನನ್ನ ಕೈ ಸೆರಗಿನ ತುದಿ ಹಿಡಿದುಕೊಂಡು ಮಡಿಲಲ್ಲೇ ಇತ್ತು. ಒಂದು ಕೈ ಕಡಿಮೆಯಾಗಿ ಅವಿಶ್ವಾಸ ಬಿದ್ದುಹೋಯಿತು.

ಹೊರಗೆ ಅಧ್ಯಕ್ಷ ಎದುರಿಗೆ ಬಂದ. "ನೀನ್ಯಾಕಮ್ಮ ಎತ್ತಲಿಲ್ಲ? ಎತ್ತೋಳು ಅಂತಿದ್ರಲ್ಲ."

"ನೀವು ತಂದ ನೀರು ನೋಡಿ ಎತ್ತಲಿಲ್ಲ. ನಿಮ್ಮ ಬಾಯಿ ನೋಡಿದ್ರೆ ಎರಡೂ ಕೈ ಎತ್ತಿರ್ತಿದ್ದೆ. ಇನ್ನೊಂದ್ಸಲ ಬೀದೀಲಿ ಹಂಗೆ ಬೈದ್ರೆ ಮುಂದಿನ ಅವಿಶ್ವಾಸಕ್ಕೆ ಮೊದಲ ಸಹಿ ನಂದೇ."

ಆತ ನೆಲ ನೋಡಿದ, ಕೆಮ್ಮಿದ. ಆಮೇಲೆ, ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದ: "ಆಯ್ತು. ನೀನೂ ಚರಂಡಿಗೆ ಸಗಣಿ ಬಿಡಬೇಡಮ್ಮ."

ಮನೆಗೆ ಬಂದೆ. ಅತ್ತೆ ಅವರೆಕಾಳು ಸಾರು ಮಾಡಿದ್ದರು. ಮೂರು ದಿನದ ಮೇಲೆ ಅಂದು ಒಂದು ಇಡೀ ಮುದ್ದೆ ಉಂಡೆ.