ಹನಮಪ್ಪನಿಗೆ ಹೊದಿಸಿದ ಶಾಲು

ಗೆಳೆಯರೇ, ಸಿಂದಗಿಯ ನಮ್ಮ ಚಿಗರಿ ಸಂರಕ್ಷಣಾ ಸಂಘದ ಸಭೆಯಲ್ಲಿ ಇಂದು ಬೆಳಿಗ್ಗೆ ನಡೆದದ್ದನ್ನು ಕೇಳಿ. ಸಂಘದ ಖಜಾಂಚಿ ನಾನೇ. ಸಂಘಕ್ಕೆ ಶಾಲು ಮಾರುವ ಅರಿವೆ ಅಂಗಡಿಯೂ ನನ್ನದೇ.

ಬೇಸಿಗೆಯಲ್ಲಿ ಚಿಗರಿಗಳಿಗೆ, ಅಂದರೆ ಅಡವಿಯ ಜಿಂಕೆಗಳಿಗೆ, ನೀರು ಕುಡಿಸಲು ನಾವು ವಂತಿಗೆ ಎತ್ತುತ್ತೇವೆ. ಹನ್ನೊಂದು ರೂಪಾಯಿ ಕೊಟ್ಟವರಿಗೆಲ್ಲ ಒಂಬತ್ತು ರೂಪಾಯಿಯ ಶಾಲು, ಮೇಲೆ ಹಾರ, ತೆಂಗಿನಕಾಯಿ, ವಿಜಾಪುರದಿಂದ ಕರೆಸಿದವನಿಂದ ಒಂದು ಫೋಟೋ. ಹೀಗಾಗಿ ದಾನಿಗಳು ಹೆಚ್ಚಿದಷ್ಟೂ ಸಂಘ ಬಡವಾಗುತ್ತಿದೆ.

ಅಡವಿಯ ತೊಟ್ಟಿಗೆ ಎತ್ತಿನ ಗಾಡಿಯಲ್ಲಿ ನೀರು ಒಯ್ಯುವ ಹನಮಪ್ಪ ಸಭೆಗೆ ಬಂದು ನಿಂತ. "ತೊಟ್ಟಿ ಒಣಗಿ ಎರಡು ದಿನ ಆತ್ರಿ. ಚಿಗರಿ ಮರಿ ನಾಲಿಗಿ ಚಾಚಿ ನಿಂತಾವು. ಗಾಡಿ ಬಾಡಗಿ ಕೊಡ್ರಿ."

ಪೆಟ್ಟಿಗೆಯಲ್ಲಿ ಎಂಟಾಣೆ ಇತ್ತು. ಅಧ್ಯಕ್ಷರಾದ ಗೌಡರು ಕಂಗೆಡಲಿಲ್ಲ. "ರೊಕ್ಕ ಇಲ್ಲಪಾ. ಆದ್ರ ನಿನ್ನ ಸೇವಾ ದೊಡ್ಡದು, ನಿನಗೂ ಸನ್ಮಾನ ಮಾಡೂಣು," ಎಂದು ಉಳಿದಿದ್ದ ಒಂದು ಶಾಲನ್ನು ಹೊದಿಸಿಯೇ ಬಿಟ್ಟರು. ಚಪ್ಪಾಳೆಯೂ ಆಯಿತು.

"ಇದನ್ನ ಚಿಗರಿ ಕುಡೀತಾವೇನ್ರಿ, ಗೌಡ್ರ?" ಎಂದ ಹನಮಪ್ಪ.

ಗೌಡರು ಸಭೆ ಮುಗಿಸಿ ಎದ್ದರು. ನಾನು ಅಂಗಡಿಗೆ ಮರಳಿದರೆ ಅವನು ಬೆನ್ನಿಗೇ ಬಂದ. "ಸಾವಕಾರ್ರ, ಈ ಶಾಲಿನ ಮಡಿಕಿ ಸೈತ ಕೆಟ್ಟಿಲ್ಲ. ವಾಪಸ್ ತಗೊಂಡು ರೊಕ್ಕ ಕೊಡ್ರಿ."

ಹೊದ್ದ ಮಾಲಿಗೆ ಒಂದು ರೂಪಾಯಿ ಮುರಿದುಕೊಳ್ಳುವುದು ನನ್ನ ಪದ್ಧತಿ. ಅವನು ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಪೂರ್ತಿ ಒಂಬತ್ತು ಎಣಿಸಿ ಕೊಟ್ಟೆ. ಆ ರೊಕ್ಕದಲ್ಲಿ ಮಧ್ಯಾಹ್ನದೊಳಗೆ ಮೂರು ಗಾಡಿ ನೀರು ತೊಟ್ಟಿಗೆ ಬಿತ್ತು.

ಈಗ ಗೌಡರು ಹೇಳಿ ಕಳಿಸಿದ್ದಾರೆ. ಚಿಗರಿಗಳಿಗೆ ನೀರು ಕುಡಿಸಿದ ಉಪಕಾರಕ್ಕೆ ನಾಳೆ ನನಗೆ ಸನ್ಮಾನವಂತೆ. ಶಾಲು ಮಾತ್ರ ನಾನೇ ತರಬೇಕಂತೆ.